ಎಲ್ಲಿಗೆ ಹೋಯಿತು ಎಂದು ಕೇಳಿದವರು

ಚೇಚಿ ನಮ್ಮ ಮನೆಗೆ ಬಂದದ್ದು ಒಟ್ಟು ನಲವತ್ತಮೂರು ಸಲ. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಒಂಬತ್ತನೇ ತರಗತಿಯಲ್ಲಿ. ಅದಕ್ಕಿಂತ ಮೊದಲು ಬಂದದ್ದು ಈ ಲೆಕ್ಕದಲ್ಲಿ ಇಲ್ಲ. ನಲವತ್ತಮೂರರಲ್ಲಿ ಹದಿನೇಳು ಸಲ ಒಂದೇ ತಿಂಗಳಲ್ಲಿ, ಊರಿನ ಆಡುಗಳಿಗೆ ಸಿಡುಬು ಬಂದಾಗ.

ಕಳೆದ ವಾರ ಅವರು ನಿವೃತ್ತರಾದರು. ಮೃಗಾಸ್ಪತ್ರೆಯ ಜಗಲಿಯಲ್ಲಿ ಸಣ್ಣ ಬೀಳ್ಕೊಡುಗೆ ಇತ್ತು. ಶಾಲು ಹೊದೆಸಿದರು, ಮೂವರು ಮಾತನಾಡಿದರು. ಮೂವರೂ "ಸೌಮ್ಯ ಸ್ವಭಾವದವರು" ಎಂದರು. ಅದು ನಿಜವಲ್ಲ. ನನ್ನ ಅಮ್ಮನನ್ನು, ನನ್ನನ್ನು, ಈ ಊರಿನಲ್ಲಿ ಆಡು ಸಾಕುವ ಪ್ರತಿಯೊಬ್ಬರನ್ನು ಒಮ್ಮೆಯಾದರೂ ಬೈದವರು ಅವರು. ಮನೆಗೆ ಬರುವ ದಾರಿಯಲ್ಲೇ ಅನಿಸಿತು, ಆ ಮೂವರು ಹೇಳದ್ದನ್ನು ನಾನು ಬರೆದಿಡಬೇಕು ಎಂದು.

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಗಡಿನಾಡಾದ ನಮ್ಮ ಜಿಲ್ಲೆಯ ತೆಂಕು ಕಡೆಯವರು, ಮಲಯಾಳದ ಮನೆಮಾತಿನವರು. ಮೃಗಾಸ್ಪತ್ರೆಯಲ್ಲಿ ಜಾನುವಾರು ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿ ಬೆಳ್ಳೂರಿನ ಕಡೆಯ ನಮ್ಮ ಗುಡ್ಡದ ಊರಿಗೆ ಬಂದಾಗ ಅವರಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲವಂತೆ. ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕಲಿತರು, ಹೆಂಗಸರ ಜಗಳ ಕೇಳಿ ಕೇಳಿ ಮಾತು ಕಲಿತರು. ನಮ್ಮ ಅಮ್ಮ ಅವರನ್ನು ಚೇಚಿ ಎನ್ನುತ್ತಿದ್ದರು, ಅವರು ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಕೆಲವರು ಅವರನ್ನು ಡಾಕ್ಟ್ರಮ್ಮ ಎಂದರೆ ಅಲ್ಲೇ ತಿದ್ದುತ್ತಿದ್ದರು: "ಡಾಕ್ಟರ್ ಆಸ್ಪತ್ರೆಯಲ್ಲಿ ಕೂತಿದ್ದಾರೆ. ನಾನು ನಡೆಯುವವಳು."

ನಡೆಯುವವರೇ ಹೌದು. ಕೈಯಲ್ಲಿ ಒಂದು ಮುಚ್ಚಳದ ಬಕೆಟ್, ಅದರೊಳಗೆ ಬ್ರಷ್, ಒಂದು ಸಾಬೂನು, ರಬ್ಬರ್ ಚಪ್ಪಲಿಯ ಇನ್ನೊಂದು ಜೊತೆ. ಅಂಗಳಕ್ಕೆ ಬಂದ ಮೇಲೆ ಸೀದಾ ಆಡಿನ ಗೂಡಿಗೆ ಹೋಗುತ್ತಿರಲಿಲ್ಲ. ಹತ್ತು ಮಾರು ದೂರದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು. ಯಾವುದು ಮೆಲುಕು ಹಾಕುತ್ತಿದೆ, ಯಾವುದು ಮೂಲೆಗೆ ಮುಖ ಮಾಡಿ ನಿಂತಿದೆ ಎಂದು. ನಾನು ಒಮ್ಮೆ ಗಡಿಯಾರ ಇಟ್ಟು ನೋಡಿದ್ದೇನೆ, ಆರು ನಿಮಿಷ. ಅಮ್ಮ ಆ ಹೊತ್ತಿನಲ್ಲಿ ಏನಾದರೂ ಹೇಳಲು ಹೋದರೆ ಕೈ ಎತ್ತಿ ತಡೆಯುತ್ತಿದ್ದರು. "ಅಕ್ಕ ಆಮೇಲೆ. ಈಗ ಆಡು ಹೇಳಲಿ."

ನಮ್ಮ ಮನೆಗೆ ಅಷ್ಟು ಸಲ ಬರಲು ಕಾರಣ, ಊರಿಗೆಲ್ಲ ಇದ್ದ ಒಂದೇ ಹೋತ ನಮ್ಮದು. ಹೆಸರು ದೊರೆ. ಕಪ್ಪು ಮೈ, ಬಿಳಿ ಕಿವಿ, ಗಾಳಿ ಬೀಸಿದ ಕಡೆಗೆಲ್ಲ ಮುಟ್ಟುವ ನಾತ. ಮನೆಮನೆಯಲ್ಲಿ ಎರಡು ಮೂರು ಆಡು ಸಾಕುವ ಹೆಂಗಸರ ಸಂಘವೊಂದು ನಮ್ಮಲ್ಲಿ ಉಂಟು, ಅಮ್ಮ ಅದರಲ್ಲಿ ಇದ್ದಾರೆ. ಯಾರ ಆಡು ಬೆದೆಗೆ ಬಂದರೂ ನಮ್ಮ ಅಂಗಳಕ್ಕೇ ತರಬೇಕು. ಯಾವ ದಿನ, ಯಾರ ಮನೆಯ, ಯಾವ ಬಣ್ಣದ ಆಡು ಬಂತು ಎಂದು ನಾನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಮರಿ ಹಾಕುವ ದಿನವನ್ನು ಲೆಕ್ಕ ಹಾಕಿ ಹೇಳುತ್ತಿದ್ದೆ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದು ಕಡಿಮೆ. ಚೇಚಿ ಆ ಪುಸ್ತಕವನ್ನು ಮೊದಲ ಸಲ ನೋಡಿದಾಗ ತಲೆ ಆಡಿಸಿ, "ನಿನ್ನನ್ನು ನಮ್ಮ ಆಫೀಸಿನಲ್ಲಿ ಕೂರಿಸಿದರೆ ನಾನು ಮನೆಗೆ ಹೋಗಬಹುದು ಮೋಳೆ" ಎಂದರು. ಮೋಳೆ ಎಂದರೆ ಮಗಳೇ. ಅವರು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಇನ್ನು ಸಿಡುಬಿನ ಸಂಗತಿ. ಕಳೆದ ಕರ್ಕಾಟಕ ತಿಂಗಳ ಜಡಿಮಳೆಯ ನಡುವೆ ಒಂದು ಸೋಮವಾರ "ದೊರೆ ಸೊಪ್ಪು ಮುಟ್ಟಲಿಲ್ಲ" ಎಂದು ಬರೆದಿದ್ದೇನೆ. ಗುರುವಾರ, "ಕಣ್ಣು ಮೂಗು ಸೋರುತ್ತಿದೆ." ಅಮ್ಮ ಅದನ್ನು ಮಳೆಯ ಶೀತ ಎಂದರು, ಕರಿಮೆಣಸು ಜಜ್ಜಿ ಬೆಲ್ಲದಲ್ಲಿ ಕೊಟ್ಟರು. ಮುಂದಿನ ಮಂಗಳವಾರ ಕಿವಿಯ ಮೇಲೆ ಗುಳ್ಳೆ ಕಂಡಿತು. ಆ ಒಂಬತ್ತು ದಿನಗಳಲ್ಲಿ ಐದು ಆಡುಗಳು ನಮ್ಮ ಅಂಗಳಕ್ಕೆ ಬಂದು ಹೋಗಿದ್ದವು.

ಚೇಚಿ ಬಂದರು, ದೂರ ನಿಂತರು, ಆ ದಿನ ಆರು ನಿಮಿಷ ನಿಲ್ಲಲಿಲ್ಲ. ನೇರ ಹೋಗಿ ದೊರೆಯ ಬಾಲ ಎತ್ತಿದರು. ಕೂದಲಿಲ್ಲದ ಆ ಜಾಗದಲ್ಲಿ ಹುಣಸೆ ಬೀಜದಷ್ಟು ದಪ್ಪದ ಗಂಟುಗಳು ತುಂಬಿದ್ದವು. ಕಿವಿಗೆ ಬರುವ ಮೊದಲೇ ಅಲ್ಲಿ ಎದ್ದಿದ್ದವು, ನಾವು ನೋಡಿರಲಿಲ್ಲ. ಅವರು ಬಾಲ ಕೆಳಗೆ ಬಿಟ್ಟು ಕೈ ತೊಳೆಯುತ್ತಾ ಹೇಳಿದರು, "ಆಡಿನ ಸಿಡುಬು. ಮನುಷ್ಯರಿಗೆ ಬರುವ ಸಿಡುಬು ಅಲ್ಲ, ಹೆದರಬೇಡಿ. ಆದರೆ ಮರಿಗಳಿಗೆ ಬಂದರೆ ಉಳಿಸುವುದು ಕಷ್ಟ."

ಅಮ್ಮ ಅಳುವ ಹಾಗೆ ಆದರು. "ಎಲ್ಲಿಂದ ಬಂತು ಚೇಚಿ? ನಾವು ಹೊರಗಿನಿಂದ ಒಂದು ಆಡನ್ನೂ ತರಲಿಲ್ಲ. ಸಂತೆಗೆ ಆಡು ಕೊಂಡುಹೋಗುವ ಯಾರಾದರೂ ತಂದದ್ದೋ ಎಂತದೋ..."

"ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಜಗಳ ಸಿಗ್ತದೆ ಅಕ್ಕ. ಎಲ್ಲಿಗೆ ಹೋಯಿತು, ಅದು ಬೇಕು ನನಗೆ. ಮೋಳೆ, ಪುಸ್ತಕ ತಾ."

ನಾನು ಪುಸ್ತಕ ಕೊಟ್ಟೆ. ಅವರು ಬೆರಳಿಟ್ಟು ಓದಿದರು, ಐದು ಮನೆಗಳ ಹೆಸರನ್ನು ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡರು. ಕನ್ನಡ ಹೆಸರುಗಳನ್ನು ಮಲಯಾಳ ಅಕ್ಷರದಲ್ಲಿ. ಕೆಲಸದ ಕ್ರಮವನ್ನು ಆಗಲೇ ವಿವರಿಸಿದರು. ರೋಗ ಹೊಕ್ಕ ಗೂಡಿನಿಂದ ಏನೂ ಹೊರಗೆ ಹೋಗಬಾರದು. ಅದರ ಸುತ್ತಲಿನ, ರೋಗ ಇನ್ನೂ ಮುಟ್ಟದ ಗೂಡುಗಳಿಗೆ ಲಸಿಕೆ ಹಾಕಬೇಕು. ಲಸಿಕೆಯ ಸೀಸೆ ಒಮ್ಮೆ ತೆರೆದರೆ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕು, ಇಟ್ಟರೆ ಹಾಳು. ಆದ್ದರಿಂದ ಯಾವ ಮನೆಗೆ ರೋಗ ಹೋಗಿದೆ ಎಂಬುದು ಮೊದಲೇ ಗೊತ್ತಿರಬೇಕು. ಆ ಪಟ್ಟಿ ನನ್ನ ಪುಸ್ತಕದಲ್ಲಿ ಇದೆ ಎಂದು ಆ ದಿನ ನನಗೆ ದುಃಖದ ನಡುವೆಯೂ ಸ್ವಲ್ಪ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಡಾಕ್ಟರೂ ಬಂದು ನೋಡಿ, ಗುಳ್ಳೆಯ ಸಿಪ್ಪೆಯನ್ನು ಪರೀಕ್ಷೆಗೆ ಕಳಿಸಿದರು. ಚೇಚಿ ಮನೆಮನೆ ತಿರುಗಿದರು. ಪ್ರತಿ ಮನೆಯ ಅಂಗಳದಲ್ಲಿ ಚಪ್ಪಲಿ ಬದಲಿಸಿ, ಬ್ರಷ್ಷಿನಲ್ಲಿ ತೊಳೆದು, ಮುಂದಿನ ಮನೆಗೆ. ಪಟ್ಟಿಯಲ್ಲಿದ್ದ ಆಚೆ ಗುಡ್ಡದ ಬಾಬಣ್ಣ ತಮ್ಮ ರೋಗದ ಆಡನ್ನು ಉಳಿದವುಗಳಿಂದ ಬೇರೆ ಮಾಡಲು ಒಪ್ಪಲಿಲ್ಲ.

"ಇದು ದೇವರ ಉಪದ್ರ. ದೇವರು ಮೈಮೇಲೆ ಬಂದ ಆಡನ್ನು ಹೊರಗೆ ಹಾಕಲಿಕ್ಕೆ ಉಂಟಾ?"

"ಹೊರಗೆ ಹಾಕಿ ಅಂತ ಯಾರು ಹೇಳಿದ್ದು ಬಾಬಣ್ಣ? ದೇವರು ಬಂದಿದ್ದರೆ ಮತ್ತೂ ಒಳ್ಳೇದಾಯ್ತು. ದೇವರನ್ನು ಎಲ್ಲರ ಒಟ್ಟಿಗೆ ಮೂತ್ರದ ವಾಸನೆಯಲ್ಲಿ ನಿಲ್ಲಿಸ್ತೀರಾ? ಅದಕ್ಕೆ ಬೇರೆ ಗೂಡು ಕಟ್ಟಿ, ಮೇಲೆ ಸೋಗೆ ಹಾಕಿ."

ಬಾಬಣ್ಣ ಸಂಜೆಯೊಳಗೆ ಗೂಡು ಕಟ್ಟಿದರು. ನಾನೂ ಕೈಕಾಲು ತೊಳೆದು ಚೇಚಿಯ ಜೊತೆ ಹೋಗಿ, ಲಸಿಕೆಯ ಐಸ್ ಪೆಟ್ಟಿಗೆ ಹಿಡಿದು ನಿಂತಿದ್ದೆ. ಹಿಂದಿರುಗಿ ಬರುವಾಗ ಚೇಚಿ ಹೇಳಿದರು, "ಅವರ ದೇವರನ್ನು ನಾನು ಯಾಕೆ ಅಲ್ಲ ಅನ್ಲಿ? ನನಗೆ ಬೇಕಾದ್ದು ಗೂಡು."

ಐದು ಮನೆಗಳಲ್ಲಿ ನಾಲ್ಕಕ್ಕೆ ರೋಗ ಬಂತು. ಅದು ನಿರೀಕ್ಷಿಸಿದ್ದೇ. ನಮ್ಮ ಎರಡು ಮರಿಗಳೂ ಬಿದ್ದವು. ಬಾಯಿಯೊಳಗೂ ಹುಣ್ಣಾಗಿ ಹಾಲು ಕುಡಿಯಲು ಆಗುತ್ತಿರಲಿಲ್ಲ. ಚೇಚಿ ಹತ್ತಿಯಲ್ಲಿ ಬಾಯಿ ಒರೆಸಿ, ಗಂಜಿ ತೆಳಿಯನ್ನು ಹನಿಹನಿಯಾಗಿ ಕೊಡುವುದನ್ನು ತೋರಿಸಿದರು. ಒಂದು ಮರಿ ಶನಿವಾರ ಹೋಯಿತು, ಇನ್ನೊಂದು ಭಾನುವಾರ. ಭಾನುವಾರ ರಜೆ, ಆದರೂ ಬಂದಿದ್ದರು. ಹೂಳುವ ಗುಂಡಿ ಸಾಲದು ಎಂದು ಅಮ್ಮನನ್ನು ಬೈದು, ಇನ್ನೂ ಒಂದು ಮೊಳ ತೋಡಿಸಿ, ಸುಣ್ಣ ಹಾಕಿಸಿದರು. ಆಮೇಲೆ ಅಮ್ಮನ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಗಂಟೆ ಕುಳಿತು ಹೋದರು.

ಆದರೆ ನನ್ನ ಪುಸ್ತಕದಲ್ಲಿ ಇಲ್ಲದ ಮೂರು ಮನೆಗಳಿಗೂ ರೋಗ ಬಂತು. ಆ ಮೂರು ಮನೆಗಳವರು ಎರಡು ತಿಂಗಳಿನಿಂದ ನಮ್ಮಲ್ಲಿಗೆ ಆಡು ತಂದಿರಲಿಲ್ಲ. ಒಂದು ಮನೆಯಂತೂ ನೀರಿನ ತೋಡಿನ ಆಚೆ, ನಮ್ಮ ಆಡುಗಳು ಆ ಕಡೆ ಮೇಯಲು ಹೋಗುವುದೇ ಇಲ್ಲ. ಬಾಬಣ್ಣ ಪೇಟೆಯ ಅಂಗಡಿಯಲ್ಲಿ ನಿಂತು, "ಹೋತದ ಮನೆಯ ಹುಡುಗಿ ಲೆಕ್ಕ ಅಡಗಿಸಿದ್ದಾಳೆ" ಎಂದರಂತೆ. ನಾನು ಪುಸ್ತಕವನ್ನು ನಾಲ್ಕು ಸಲ ತಿರುವಿ ನೋಡಿದೆ. ತಪ್ಪಿರಲಿಲ್ಲ.

"ಪುಸ್ತಕದಲ್ಲಿ ತಪ್ಪಿಲ್ಲ" ಎಂದರು ಚೇಚಿ. "ಪುಸ್ತಕ ನೀನು ಕೇಳಿದ್ದನ್ನು ಮಾತ್ರ ಹೇಳ್ತದೆ. ನೀನು ಕೇಳಿದ್ದು ಯಾರು ಬಂದರು ಎಂದು. ಇಲ್ಲಿಂದ ಎಂತ ಹೋಯಿತು ಎಂದು ಬರೆದದ್ದುಂಟಾ?"

"ಹಾಲು ಇಲ್ಲಿ ಕೊಡುವುದಿಲ್ಲ, ಗೊಬ್ಬರ ಕೊಡಲಿಲ್ಲ. ಏನೂ ಹೋಗಲಿಲ್ಲ."

"ಯೋಚನೆ ಮಾಡು."

ಮರುದಿನ ಬಟ್ಟೆ ಒಣಹಾಕುವಾಗ ಹಗ್ಗದ ಮೇಲೆ ಅಪ್ಪನ ಹಳೆಯ ಮುಂಡಿನ, ಎಂದರೆ ಪಂಚೆಯ, ಉಳಿದ ತುಂಡು ಕಂಡಿತು. ಆಗ ಹೊಳೆಯಿತು.

ಇದನ್ನು ವಿವರಿಸಬೇಕು. ಆಡು ಬೆದೆಗೆ ಬಂದಿದೆಯೋ ಇಲ್ಲವೋ ಎಂದು ಗೊತ್ತಾಗದೆ ಗುಡ್ಡ ಹತ್ತಿಸಿ ಕರೆದುಕೊಂಡು ಬಂದು, ಬಂದದ್ದು ಸುಮ್ಮನೆ ಎಂದಾದರೆ ಹೆಂಗಸರ ಅರ್ಧ ದಿನ ಹಾಳು. ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಹಳೆ ಬಟ್ಟೆಯ ತುಂಡಿನಿಂದ ಹೋತದ ತಲೆ, ಕುತ್ತಿಗೆ ಚೆನ್ನಾಗಿ ಒರೆಸಿ, ನಾತ ಹೋಗದ ಹಾಗೆ ಮುಚ್ಚಳದ ಬಾಟ್ಲಿಯಲ್ಲಿ ಹಾಕಿ ಕೊಡುವುದು. ಮನೆಯಲ್ಲಿ ಆಡಿನ ಮೂಗಿಗೆ ಆ ಬಟ್ಟೆ ಹಿಡಿದರೆ, ಬೆದೆಗೆ ಬಂದ ಆಡು ಬಾಲ ಅಲ್ಲಾಡಿಸುತ್ತದೆ. ಆಗ ಕರೆದುಕೊಂಡು ಬಂದರೆ ಸಾಕು. ಅಮ್ಮ ಕೇಳಿದವರಿಗೆಲ್ಲ ಕೊಡುತ್ತಿದ್ದರು. ದೊರೆಗೆ "ಶೀತ" ಇದ್ದ ವಾರದಲ್ಲೂ ಕೊಟ್ಟಿದ್ದರು. ಮೂಗು ಸೋರಿದ್ದನ್ನು ಒರೆಸಿದ್ದೂ ಅದೇ ಬಟ್ಟೆಯಲ್ಲಿ. ಬಟ್ಟೆ ಆಡು ಅಲ್ಲವಲ್ಲ, ನಾನು ಬರೆದಿರಲಿಲ್ಲ.

ಅಮ್ಮನಿಗೆ ಹೇಳಿದಾಗ ಅವರು ಬುಟ್ಟಿ ಕೆಳಗಿಟ್ಟು ಆ ತುಂಡನ್ನು ಹಗ್ಗದಿಂದ ಎಳೆದು ತೆಗೆದರು. "ಇದನ್ನು ಚೇಚಿಗೆ ಹೇಳಬೇಡ" ಎಂದರು. "ಊರಿನವರು ನಮ್ಮ ಅಂಗಳ ಮೆಟ್ಟುವುದಿಲ್ಲ ಮತ್ತೆ."

ನಾನು ಒಂದು ದಿನ ಹೇಳಲಿಲ್ಲ. ಅದನ್ನೂ ಬರೆದಿದ್ದೇನೆ: "ಗೊತ್ತಿದ್ದೂ ಹೇಳದ ದಿನ, ಒಂದು." ಆ ದಿನ ನಾನು ಮಾಡಿದ್ದು ಮುಂಡಿನ ಅಳತೆ. ಅಮ್ಮ ಒಂದೊಂದು ಗೇಣು ಅಗಲಕ್ಕೆ ಹರಿಯುವವರು. ಆ ಮುಂಡನ್ನು ಹರಿಯಲು ಶುರು ಮಾಡಿದ್ದು ದೊರೆ ಸೊಪ್ಪು ಬಿಟ್ಟ ವಾರದಲ್ಲೇ. ಉಳಿದದ್ದನ್ನು ಇನ್ನೊಂದು ಮುಂಡಿನ ಮೇಲೆ ಇಟ್ಟು ನೋಡಿದರೆ ಆರು ಗೇಣು ಕಡಿಮೆ. ಆರು ತುಂಡು ಹೋಗಿದೆ. ಅಮ್ಮನಿಗೆ ನೆನಪಿದ್ದದ್ದು ಐದು. ಮೂರು, ಈಗಾಗಲೇ ರೋಗ ಬಂದ ಆ ಮೂರು ಮನೆಗಳು. ಇನ್ನೆರಡು ಬೇರೆ ಮನೆಗಳು. ಆರನೆಯದನ್ನು ಯಾರಿಗೆ ಕೊಟ್ಟದ್ದೆಂದು ಎಷ್ಟು ಕೇಳಿದರೂ, "ನಾನು ಕೊಟ್ಟದ್ದು ಐದೇ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲೇ ಚೇಚಿಯನ್ನು ಹಿಡಿದು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಕೆಟನ್ನು ನೆಲಕ್ಕಿಟ್ಟು, ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಎರಡು ಮನೆಗೆ ಈಗಲೇ ಹೋಗುವ. ಮಧ್ಯಾಹ್ನ ಸಂಘದ ಮೀಟಿಂಗ್ ಕರೆಯಲಿಕ್ಕೆ ಹೇಳು ಅಮ್ಮನಿಗೆ" ಎಂದರು, ಅಷ್ಟೇ. ಎರಡು ಮನೆಗಳಲ್ಲೂ ಬಟ್ಟೆ ಸಿಕ್ಕಿತು, ಅಂಗಳದಲ್ಲೇ ಸುಟ್ಟೆವು. ಆರನೆಯದು ಎಲ್ಲಿದೆಯೋ ಅಲ್ಲಿ ಇನ್ನೊಂದು ಊರು ಹತ್ತಿಕೊಳ್ಳಬಹುದು ಎಂದು ಚೇಚಿ ದಾರಿಯಲ್ಲಿ ಎರಡು ಸಲ ಹೇಳಿದರು. ಗುಳ್ಳೆಯ ಸಿಪ್ಪೆ ಕತ್ತಲೆಯಲ್ಲಿ ಒಣಗಿ ಕುಳಿತರೆ ಅದರೊಳಗಿನ ರೋಗ ತಿಂಗಳುಗಟ್ಟಲೆ ಸಾಯುವುದಿಲ್ಲವಂತೆ.

ಅಂಗನವಾಡಿಯ ಕೋಣೆಯಲ್ಲಿ ಮೀಟಿಂಗ್. ಇಪ್ಪತ್ತೆರಡು ಜನ ಹೆಂಗಸರು, ಕರೆಯದೆ ಬಂದ ಬಾಬಣ್ಣ ಒಬ್ಬರು. ಬಟ್ಟೆಯ ಸುದ್ದಿ ಆಗಲೇ ಹರಡಿತ್ತು. ಅಮ್ಮ ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ ಕುಳಿತಿದ್ದರು.

ಬಾಬಣ್ಣ ಶುರು ಮಾಡಿದರು. "ಉಪಕಾರ ಮಾಡ್ತೇನೆ ಅಂತ ಮನೆಮನೆಗೆ ರೋಗ ಕಟ್ಟಿ ಕಳಿಸಿದ್ದಲ್ವಾ ಮಾರಾಯ್ರೆ..."

ಚೇಚಿ ಎದ್ದು ನಿಂತರು. "ಬಾಬಣ್ಣ, ಆ ಮಾತು ನನಗೆ ಹೇಳಿ. ಮೊದಲು ಈ ಬಟ್ಟೆಯ ಉಪಾಯ ಇದ್ದದ್ದು ಈ ಅಕ್ಕನ ಮನೆಯಲ್ಲಿ ಮಾತ್ರ, ಅವರ ಅತ್ತೆಯ ಕಾಲದಿಂದ. ನಾನು ನೋಡಿದೆ, ಒಳ್ಳೇದು ಅಂತ ಕಂಡಿತು. ನಿಮ್ಮ ಎಲ್ಲರ ಮನೆಗೆ ಬಂದು, ಬಟ್ಟೆ ತೆಗೊಂಡು ಹೋಗಿ, ನಡೆಯುವುದು ತಪ್ತದೆ ಅಂತ ಹೇಳಿದ್ದು ಯಾರು? ನಾನು. ನೀವೇ ಹೇಳಿ, ಹೇಳಿದ್ದು ಹೌದೋ ಅಲ್ವೋ?"

ಒಬ್ಬಿಬ್ಬರು ತಲೆ ಆಡಿಸಿದರು. ಹೇಳಿದ್ದು ಹೌದು.

"ಹೋತಕ್ಕೆ ಹುಷಾರಿಲ್ಲದಾಗ ಕೊಡಬಾರದು ಅಂತ ಹೇಳಲಿಕ್ಕೆ ನನಗೆ ಹೊಳೀಲಿಲ್ಲ. ಓದಿದವಳು ನಾನು, ಅಕ್ಕ ಅಲ್ಲ. ತಪ್ಪು ನನ್ನದು. ಈಗ ನನಗೆ ಒಂದು ಬಟ್ಟೆ ಸಿಗಬೇಕು. ಯಾರ ಹತ್ರ ಉಂಟೋ ಅವರನ್ನು ನಾನು ಎಂತದೂ ಕೇಳುವುದಿಲ್ಲ."

ಇಷ್ಟು ಹೊತ್ತು ಗೋಡೆಗೆ ಒರಗಿದ್ದ ಐಸಮ್ಮ, ನಮ್ಮ ಬೇಲಿಯಾಚೆ ಗುಡ್ಡದ ಕೆಳಗಿನ ಮನೆಯವರು, ತಲೆಯ ಬಟ್ಟೆ ಸರಿ ಮಾಡಿಕೊಂಡರು. ಅವರ ಮೂರು ಆಡುಗಳಿಗೆ ಏನೂ ಆಗಿರಲಿಲ್ಲ. ಅವರ ಮೇಲೆ ಯಾರಿಗೂ ಸಂಶಯವಿರಲಿಲ್ಲ.

"ನಾನು ತೆಗೊಂಡದ್ದು" ಎಂದು ಅಮ್ಮನ ಕಡೆ ತಿರುಗಿದರು. "ಇವಳು ಮನೆಯಲ್ಲಿ ಇರಲಿಲ್ಲ. ಹಗ್ಗದಲ್ಲಿ ನೇತು ಹಾಕಿತ್ತು, ಒಂದು ತುಂಡು ಹರಿದು ಹೋತವನ್ನು ಒರೆಸಿಕೊಂಡು ಹೋದೆ. ನನಗಲ್ಲ. ನನ್ನ ಮಗಳಿಗೆ, ಕುಂಜತ್ತೂರಿಗೆ."

ಚೇಚಿ ಐಸಮ್ಮನ ಹತ್ತಿರಕ್ಕೆ ಬಂದು ನಿಂತರು. ಕುಂಜತ್ತೂರು ರಾಜ್ಯದ ಗಡಿಯ ಊರು. ಐಸಮ್ಮನ ಅಳಿಯ ಆಡು ಕೊಂಡು ಮಾರುವವನು, ಮನೆಯಲ್ಲಿ ಯಾವಾಗಲೂ ಇಪ್ಪತ್ತು ಮೂವತ್ತು ಆಡು ಇರುತ್ತವೆ, ಅಲ್ಲಿಂದ ಗಡಿ ದಾಟಿ ಎಲ್ಲೆಲ್ಲಿಗೋ ಹೋಗುತ್ತವೆ.

"ಫೋನ್ ಮಾಡಿ ಐಸಮ್ಮ. ಈಗಲೇ. ಸ್ಪೀಕರಿಗೆ ಹಾಕಿ."

ಮೂರನೇ ಸಲಕ್ಕೆ ಮಗಳು ಎತ್ತಿದಳು. ಆ ಬಾಟ್ಲಿ ಎಲ್ಲಿ ಎಂದು ಐಸಮ್ಮ ಕೇಳಿದರು. 

"ಆ ಬಾಟ್ಲಿಯಾ?" ಎಂದಿತು ಫೋನು. "ಬಸ್ಸಿನಲ್ಲಿ ತರುವಾಗಲೇ ಬ್ಯಾಗೆಲ್ಲ ನಾತ ಹಿಡಿದಿತ್ತು. ಇವರು ಮನೆಯ ಒಳಗೆ ತರಬೇಡ ಅಂತ ಕೂಗಾಡಿದರು. ಬಾವಿಯ ಹಿಂದೆ ಕಲ್ಲಿನ ಅಡಿಯಲ್ಲಿ ಇಟ್ಟಿದ್ದೇನೆ. ಮುಚ್ಚಳ ತೆಗೀಲೇ ಇಲ್ಲ. ನಿಂಗೆ ವಾಪಸ್ ಬೇಕಾ ಉಮ್ಮ?"

ಮೊದಲು ನಕ್ಕದ್ದು ಬಾಬಣ್ಣ. ಆಮೇಲೆ ಎಲ್ಲರೂ. ಚೇಚಿ ಮಾತ್ರ ನಗಲಿಲ್ಲ. ಮಕ್ಕಳ ಸಣ್ಣ ಕುರ್ಚಿಯೊಂದರ ಮೇಲೆ ಕುಳಿತು, ಬಾಟ್ಲಿಯನ್ನು ಮುಚ್ಚಳ ತೆಗೆಯದೆ ಹಾಗೆಯೇ ಹೇಗೆ ಸುಡಬೇಕು, ಕೈ ಹೇಗೆ ತೊಳೆಯಬೇಕು ಎಂದು ಫೋನಿಗೆ ಎರಡು ಸಲ ಹೇಳಿ, ಮೂರನೇ ಸಲ ಮಗಳಿಂದ ತಿರುಗಿ ಹೇಳಿಸಿದರು. ಮರುದಿನ ಆ ಕಡೆಯ ಆಡುಗಳಿಗೆ ಲಸಿಕೆ ಆಯಿತು. ಕುಂಜತ್ತೂರಿನಲ್ಲಿ ಒಂದು ಆಡಿಗೂ ಬರಲಿಲ್ಲ.

ನಮ್ಮ ಊರಿನಲ್ಲಿ ರೋಗ ಬಂದದ್ದು ಹತ್ತೊಂಬತ್ತಕ್ಕೆ, ಸತ್ತದ್ದು ಆರು, ಆರರಲ್ಲಿ ಐದು ಮರಿಗಳು. ದೊರೆ ಉಳಿಯಿತು.

ಎಲ್ಲ ಮುಗಿದ ಮೇಲೆ ಚೇಚಿ ವರದಿ ಬರೆಯುವಾಗ ತಾರೀಕುಗಳಿಗಾಗಿ ನನ್ನನ್ನು ಕರೆದಿದ್ದರು. ರೋಗ ಹರಡಿದ ಬಗೆ ಎಂಬ ಜಾಗದಲ್ಲಿ, ಬಟ್ಟೆಯ ಮೂಲಕ, ಆ ಕ್ರಮವನ್ನು ಪ್ರಚಾರ ಮಾಡಿದ್ದು ತಾವೇ ಎಂದು ಬರೆದರು. ನಿವೃತ್ತಿಗೆ ಇನ್ನು ಕೆಲವೇ ತಿಂಗಳಿತ್ತು. ಅದೊಂದು ಸಾಲು ಬೇಕಾ ಎಂದು ಡಾಕ್ಟರೇ ಅವರನ್ನು ಕೇಳಿದರು.

"ಬರೆಯದಿದ್ದರೆ ಯಾರಿಗೆ ಗೊತ್ತಾಗ್ತದೆ ಚೇಚಿ?" ಎಂದೆ ನಾನೂ.

"ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಜಾಗಕ್ಕೆ ಬರುವವಳಿಗೂ ಗೊತ್ತಾಗುವುದಿಲ್ಲ. ಹಾಗಾಗುವುದು ಬೇಡ ಅಂತಲೇ ಬರೆಯುವುದು."

ನಾನು ಲೆಕ್ಕ ಇಡುವವಳು. ಲೆಕ್ಕ ಇಟ್ಟರೆ ಸತ್ಯ ತಾನಾಗಿ ಬಂದು ಕೂರುತ್ತದೆ ಎಂದು ನಂಬಿದ್ದವಳು. ಬರೆಯದೆ ಬಿಟ್ಟ ಕಡೆ ನೋಡಬೇಕು ಎಂದು ನನಗೆ ಕಲಿಸಿದ್ದು, ನೋಡಿದ್ದನ್ನು ಇಪ್ಪತ್ತೆರಡು ಜನರ ಎದುರು ಮೊದಲು ತನ್ನ ಹೆಸರಿನಲ್ಲಿ ಹೇಳಬಹುದು ಎಂದು ತೋರಿಸಿದ್ದು ಅವರು. ಬೀಳ್ಕೊಡುಗೆಯ ದಿನ ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಡುಬು ಹೋದ ಮೇಲೂ ನಾಲ್ಕು ತಿಂಗಳು ನಮ್ಮ ಅಂಗಳಕ್ಕೆ ಒಂದು ಆಡೂ ಬರಲಿಲ್ಲ. ಜನ ಎದುರು ಸಿಕ್ಕರೆ ಮಾತನಾಡುತ್ತಿದ್ದರು, ನಗುತ್ತಿದ್ದರು, ಆಡನ್ನು ಮಾತ್ರ ಜೀಪಿನಲ್ಲಿ ಹಾಕಿ ಬೇರೆ ಊರಿಗೆ ಕೊಂಡುಹೋಗುತ್ತಿದ್ದರು. ಗೂಡಿನ ಹಲಗೆಗಳನ್ನೆಲ್ಲ ಕಿತ್ತು ತೊಳೆದು, ಬಿಸಿಲಿಗೆ ಹಾಕಿ, ಹಳೆಯ ಹುಲ್ಲು ಸುಟ್ಟು, ಚೇಚಿ ಹೇಳಿದ್ದಕ್ಕಿಂತ ಎರಡು ಸಲ ಹೆಚ್ಚು ಸುಣ್ಣ ಬಳಿದಾಗಿತ್ತು. ಆದರೂ ಅಮ್ಮ ದಾರಿಯ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಒಂದು ಭಾನುವಾರ ಬೆಳಿಗ್ಗೆ ಐಸಮ್ಮನ ಸ್ವರ ಕೇಳಿತು. "ಎಂತ ಮಾರಾಯ್ತಿ, ನಿನ್ನ ದೊರೆ ಪೆನ್ಷನ್ ತೆಗೊಂಡು ಕೂತಿದ್ದಾನಾ? ನನ್ನ ಆಡು ಕೂಗಿ ಕೂಗಿ ಊರಿನ ನಿದ್ದೆ ಕೆಡಿಸಿತು."

ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದರು. ನಂಬಿಕೆಯಾಗದೆ ಅಲ್ಲೇ ಮೆಟ್ಟಿಲ ಮೇಲೆ ನಿಂತರು. "ನಿಂಗೆ ಹೆದರಿಕೆ ಇಲ್ವಾ ಐಸಮ್ಮ?"

ಐಸಮ್ಮ ಹಿಂದೆ ತಿರುಗಿ ನೋಡಿದರು. ರಜೆಯ ದಿನದ ಸೀರೆಯಲ್ಲಿ, ಆಡಿನ ಹಗ್ಗ ಕೈಗೆ ಸುತ್ತಿಕೊಂಡು, ಏದುಸಿರು ಬಿಡುತ್ತಾ ಚೇಚಿ ಗುಡ್ಡ ಹತ್ತಿ ಬರುತ್ತಿದ್ದರು.

"ಹೆದರಿಕೆ ಉಂಟು" ಎಂದರು ಐಸಮ್ಮ. "ಅದಕ್ಕೇ ಇವರನ್ನು ಕರ್ಕೊಂಡು ಬಂದದ್ದು."